ಕಿಸೆಗೆ ಹಗುರ, ಕೈಗೆ ಭಾರ

ಮೇ ತಿಂಗಳ ಮಧ್ಯಾಹ್ನ ಮಂಗಳೂರಿನ ಪಂಪ್‌ವೆಲ್ ಫ್ಲೈಓವರ್ ಕೆಳಗೆ ಬಸ್ಸಿಗೆ ಕಾದು ನಿಂತವರನ್ನು ನೋಡಿ. ಈ ಊರಿನ ಉಡುಪಿನೊಳಗೆ ಏನನ್ನೂ ಬಚ್ಚಿಡುವುದು ಕಷ್ಟ. ತೆಳ್ಳನೆಯ ಕಾಟನ್ ಶರ್ಟು ಬೆವರಿಗೆ ಮೈಗೆ ಅಂಟಿರುತ್ತದೆ; ಕಿಸೆಯಲ್ಲಿರುವ ಮೊಬೈಲು ಯಾವ ಗಾತ್ರದ್ದೆಂದು ಪಕ್ಕದಲ್ಲಿ ನಿಂತವರೂ ಹೇಳಬಹುದು. ಕೋಟು, ಜಾಕೆಟ್ಟು ಹಾಕುವ ಚಳಿ ದೇಶಗಳಲ್ಲಿ ಒಂದು ಕಿಲೋ ತೂಕದ ಪಿಸ್ತೂಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡಬಹುದು. ಕರಾವಳಿಯಲ್ಲಿ ಅದು ಆಗಿಹೋಗುವ ಮಾತಲ್ಲ. ಹಾಗಾಗಿ ಚಿನ್ನದ ವ್ಯಾಪಾರವೋ ನಗದಿನ ವ್ಯವಹಾರವೋ ಇರುವವರು ಆತ್ಮರಕ್ಷಣೆಗೆಂದು ಲೈಸೆನ್ಸ್ ಪಡೆದಾಗ, ಸಿಗುವುದರಲ್ಲೇ ಅತಿ ಸಣ್ಣ ಪಿಸ್ತೂಲು ಯಾವುದು ಎಂದು ಕೇಳುವುದು ಸಹಜ.

ಕಾನೂನಿನ ಮಾತನ್ನು ಮೊದಲು ಮುಗಿಸಿಬಿಡೋಣ. 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಳ್ಳುವಂತಿಲ್ಲ. ಮಂಗಳೂರು ನಗರದಲ್ಲಿ ಅರ್ಜಿ ಹೋಗುವುದು ಪೊಲೀಸ್ ಆಯುಕ್ತರಿಗೆ. 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಮೂರರ ಬದಲು ಎರಡೇ ಬಂದೂಕು. ಲೈಸೆನ್ಸಿನ ಅವಧಿ ಮೂರು ವರ್ಷದಿಂದ ಐದಕ್ಕೆ ಏರಿದೆ. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಇನ್ನೊಂದು ಸ್ವಾರಸ್ಯವಿದೆ. ಸಾರ್ವಜನಿಕ ಸ್ಥಳದಲ್ಲಿ ಪಿಸ್ತೂಲು ಒಯ್ಯುವವರು ಅದನ್ನು ಹೋಲ್‌ಸ್ಟರ್‌ನಲ್ಲೋ ಚೀಲದಲ್ಲೋ ಪೂರ್ತಿ ಮುಚ್ಚಿಯೇ ಒಯ್ಯಬೇಕು. ಅಮೆರಿಕದಲ್ಲಿ ಮರೆಮಾಡಿ ಒಯ್ಯುವ ಹಕ್ಕಿಗಾಗಿ ರಾಜ್ಯ ರಾಜ್ಯಗಳಲ್ಲಿ ಮೊಕದ್ದಮೆ ನಡೆದಿವೆ. ನಮ್ಮಲ್ಲಿ ಮರೆಮಾಡುವುದು ಹಕ್ಕಲ್ಲ, ಕಟ್ಟಳೆ. ತೆಗೆದು ತೋರಿಸಿದರೆ, ಝಳಪಿಸಿದರೆ, ಮದುವೆ ದಿಬ್ಬಣದಲ್ಲಿ ಆಕಾಶಕ್ಕೆ ಹಾರಿಸಿದರೆ ಅದು ಅಪರಾಧ.

ಆಯ್ಕೆಯೂ ದೊಡ್ಡದಿಲ್ಲ. ಜಗತ್ತಿನ ಪೊಲೀಸರು ಹೆಚ್ಚಾಗಿ ಬಳಸುವ 9 ಎಂಎಂ ತೋಟಾ ನಮ್ಮಲ್ಲಿ ಸಾಮಾನ್ಯ ನಾಗರಿಕರಿಗೆ ನಿಷಿದ್ಧ. ಉಳಿಯುವುದು ಮುಖ್ಯವಾಗಿ .32 ಮತ್ತು .22. ಪಿಸ್ತೂಲಿನ .32 ತೋಟಾವನ್ನು ಅಮೆರಿಕದ ಜಾನ್ ಬ್ರೌನಿಂಗ್ 1899ರ ಹೊತ್ತಿಗೆ ಬೆಲ್ಜಿಯಂನ ಕಾರ್ಖಾನೆಯೊಂದಕ್ಕಾಗಿ ರೂಪಿಸಿದ. ಯುರೋಪಿನಲ್ಲಿ ಅದಕ್ಕೆ 7.65 ಎಂಎಂ ಎನ್ನುತ್ತಾರೆ. ಇಯಾನ್ ಫ್ಲೆಮಿಂಗ್ ತನ್ನ ಜೇಮ್ಸ್ ಬಾಂಡ್‌ಗೆ ಮೊದಲು ಕೊಟ್ಟಿದ್ದು ಇನ್ನೂ ಸಣ್ಣ .25 ಬೆರೆಟಾ. ಅದು ಹೆಂಗಸರ ಪಿಸ್ತೂಲು ಎಂದು ಬಂದೂಕು ಬಲ್ಲ ಓದುಗನೊಬ್ಬ ಕಾಗದ ಬರೆದು ಹಂಗಿಸಿದ ಮೇಲೆ, 1958ರ ಕಾದಂಬರಿಯಲ್ಲಿ ಬಾಂಡ್ 7.65ರ ವಾಲ್ಥರ್‌ಗೆ ಬದಲಾದ. ನಮ್ಮ ಸರ್ಕಾರಿ ಕಾರ್ಖಾನೆಗಳೂ ಸಣ್ಣದರ ಬೆನ್ನು ಹತ್ತಿವೆ. ದೆಹಲಿಯ ನಿರ್ಭಯಾ ಪ್ರಕರಣದ ನಂತರ, 2014ರ ಜನವರಿಯಲ್ಲಿ ಕಾನ್ಪುರದಿಂದ ‘ನಿರ್ಭೀಕ್’ ಎಂಬ .32 ರಿವಾಲ್ವರ್ ಬಂತು. ಟೈಟಾನಿಯಂ ಮಿಶ್ರಲೋಹ, ಸುಮಾರು 500 ಗ್ರಾಂ, ಆಗಿನ ಬೆಲೆ 1.22 ಲಕ್ಷ ರೂಪಾಯಿ. ಆಮೇಲೆ ಪಶ್ಚಿಮ ಬಂಗಾಳದ ಇಶಾಪುರದಿಂದ ‘ನಿಡರ್’ ಎಂಬ .22 ರಿವಾಲ್ವರ್ ಬಂತು, ತೂಕ ಬರೀ 250 ಗ್ರಾಂ. ಅಂದಹಾಗೆ, ರಿವಾಲ್ವರ್‌ನ .32 ತೋಟಾ ಬೇರೆ, ಪಿಸ್ತೂಲಿನ .32 ತೋಟಾ ಬೇರೆ. ಒಂದರದ್ದನ್ನು ಇನ್ನೊಂದಕ್ಕೆ ಹಾಕುವಂತಿಲ್ಲ.

ಇನ್ನು ಭೌತವಿಜ್ಞಾನ. ತೋಟದ ಹಂದಿ ಓಡಿಸಲು ಕೋವಿ ಹಿಡಿದವರಿಗೆಲ್ಲ ಗೊತ್ತು, ಕೋವಿ ಒದೆಯುತ್ತದೆ. ಗುಂಡು ಮುಂದಕ್ಕೆ ಹೋಗುವಾಗ ಎಷ್ಟು ಸಂವೇಗ ಹೊತ್ತು ಹೋಗುತ್ತದೋ ಅಷ್ಟೇ ಸಂವೇಗ ಕೋವಿಗೆ ಹಿಂದಕ್ಕೆ ಸಿಗುತ್ತದೆ. ಸಂವೇಗವೆಂದರೆ ತೂಕ ಮತ್ತು ವೇಗದ ಗುಣಲಬ್ಧ. .32 ಪಿಸ್ತೂಲಿನ ಗುಂಡು ಸುಮಾರು 4.6 ಗ್ರಾಂ, ನಳಿಗೆಯಿಂದ ಹೊರಬೀಳುವ ವೇಗ ಸೆಕೆಂಡಿಗೆ ಸುಮಾರು 275 ಮೀಟರ್. ಪಿಸ್ತೂಲು 700 ಗ್ರಾಂ ಇದ್ದರೆ ಅದು ಸೆಕೆಂಡಿಗೆ 1.8 ಮೀಟರ್ ವೇಗದಲ್ಲಿ ಹಿಂದಕ್ಕೆ ಬರುತ್ತದೆ. ಅದರ ಶಕ್ತಿ ಒಂದು ಜೌಲ್‌ಗಿಂತ ತುಸು ಹೆಚ್ಚು. ಅದೇ ಗುಂಡನ್ನು 250 ಗ್ರಾಂ ಪಿಸ್ತೂಲಿನಿಂದ ಹಾರಿಸಿದೆವೆನ್ನಿ. ಹಿಂಬರುವ ವೇಗ 5 ಮೀಟರ್, ಶಕ್ತಿ 3.2 ಜೌಲ್. ತೂಕ ಮೂರನೇ ಒಂದಕ್ಕಿಂತ ತುಸು ಮೇಲೆ ನಿಂತಿತು, ಒದೆತ ಹೆಚ್ಚುಕಡಿಮೆ ಮೂರು ಪಟ್ಟಾಯಿತು. ಸಿಡಿಮದ್ದಿನ ಅನಿಲದ ಪಾಲನ್ನು ಈ ಲೆಕ್ಕದಲ್ಲಿ ಹಿಡಿದಿಲ್ಲ. ಅದನ್ನೂ ಸೇರಿಸಿದರೆ ಒದೆತ ಇನ್ನಷ್ಟು.

250 ಗ್ರಾಂ ತೂಕದ ರಿವಾಲ್ವರ್‌ಗೆ .22 ತೋಟಾ ಯಾಕೆ ಎಂಬುದು ಇಲ್ಲೇ ಗೊತ್ತಾಗುತ್ತದೆ. ಅದರ ಗುಂಡು 2.6 ಗ್ರಾಂ ಮಾತ್ರ. ಲೆಕ್ಕ ಹಾಕಿದರೆ ಒದೆತ ಮತ್ತೆ ಒಂದು ಜೌಲ್ ಆಸುಪಾಸಿಗೇ ಇಳಿಯುತ್ತದೆ. ಆದರೆ ಗುಂಡಿನ ಶಕ್ತಿಯೂ ಸುಮಾರು 175 ಜೌಲ್‌ನಿಂದ ನೂರರ ಕೆಳಗೆ ಬರುತ್ತದೆ. ತೂಕ, ಒದೆತ, ಹೊಡೆತ ಈ ಮೂರರಲ್ಲಿ ಎರಡನ್ನು ನಿಮಗೆ ಬೇಕಾದಂತೆ ಇಟ್ಟುಕೊಳ್ಳಿ, ಮೂರನೆಯದನ್ನು ನಿಸರ್ಗ ತನಗೆ ಬೇಕಾದಂತೆ ಇಡುತ್ತದೆ. ಟೈಟಾನಿಯಂ ಬಂದರೂ ಇದು ಬದಲಾಗಲಿಲ್ಲ. ಗಟ್ಟಿ ಲೋಹ ಹಗುರವಾಗಿ ಸಿಕ್ಕಿತು, ಹಗುರವಾದದ್ದು ಜೋರಾಗಿ ಒದೆಯಿತು, ಅಷ್ಟೆ.

ಒದೆತವಾದರೂ ಗುಂಡು ಹೋದ ಮೇಲಿನ ಮಾತು. ಗುರಿ ಕೆಡುವುದು ಹೆಚ್ಚಾಗಿ ಅದಕ್ಕೂ ಮೊದಲು, ಟ್ರಿಗರ್ ಎಳೆಯುವಾಗ. ಸುತ್ತಿಗೆಯನ್ನು ಹಿಂದಕ್ಕೆಳೆದು ಬಿಡುವ ಕೆಲಸವನ್ನೂ ಟ್ರಿಗರೇ ಮಾಡುವ ರಿವಾಲ್ವರ್‌ಗಳಲ್ಲಿ ಸಾಮಾನ್ಯವಾಗಿ ನಾಲ್ಕೈದು ಕಿಲೋ ತೂಕ ಎತ್ತುವಷ್ಟು ಬಲ ಬೇಕಾಗುತ್ತದೆ. ಅರ್ಧ ಕಿಲೋ ಆಯುಧದ ಮೇಲೆ ಅದರ ಹತ್ತು ಪಟ್ಟು ಬಲ. ಇಡೀ ಅಂಗೈ ತುಂಬ ಹಿಡಿ ಸಿಕ್ಕಿದ್ದರೆ ತಡೆದುಕೊಳ್ಳಬಹುದಿತ್ತು. ಸಣ್ಣ ಪಿಸ್ತೂಲಿನ ಹಿಡಿಗೆ ಎರಡು ಬೆರಳು ಹತ್ತಿದರೆ ಹೆಚ್ಚು, ಕಿರುಬೆರಳಿಗೆ ಜಾಗವೇ ಇಲ್ಲ. ಬೆರಳು ಹಿಂದಕ್ಕೆ ಎಳೆದ ಹಾಗೆ ಮೂತಿ ಪಕ್ಕಕ್ಕೋ ಕೆಳಕ್ಕೋ ವಾಲುತ್ತದೆ.

ಎಷ್ಟು ವಾಲಿತೆಂದು ಕಣ್ಣಿಗೆ ಕಾಣುವುದೂ ಇಲ್ಲ. ಪಿಸ್ತೂಲಿನ ಹಿಂದಿನ ಗುರಿಕಟ್ಟಿಗೂ ಮುಂದಿನ ಗುರಿಕಟ್ಟಿಗೂ ನಡುವೆ 10 ಸೆಂಟಿಮೀಟರ್ ಇದೆ ಎಂದಿಟ್ಟುಕೊಳ್ಳಿ. ಎರಡೂ ಒಂದೇ ನೇರಕ್ಕೆ ಬರುವಲ್ಲಿ ಒಂದು ಮಿಲಿಮೀಟರ್ ತಪ್ಪಿದರೆ ಹತ್ತು ಮೀಟರ್ ಆಚೆ ಗುಂಡು 10 ಸೆಂಟಿಮೀಟರ್ ಪಕ್ಕಕ್ಕೆ ಬೀಳುತ್ತದೆ. ಅಂತರ 20 ಸೆಂಟಿಮೀಟರ್ ಇರುವ ದೊಡ್ಡ ಪಿಸ್ತೂಲಿನಲ್ಲಿ ಅದೇ ತಪ್ಪಿಗೆ ಐದೇ ಸೆಂಟಿಮೀಟರ್. ಇದು ಶಾಲೆಯ ಸಮರೂಪ ತ್ರಿಭುಜಗಳ ಪಾಠ. ಸಣ್ಣ ಪಿಸ್ತೂಲನ್ನು ಕಟ್ಟೆಗೆ ಬಿಗಿಯಾಗಿ ಕಟ್ಟಿ ಹಾರಿಸಿದರೆ ಗುಂಡುಗಳು ಒತ್ತೊತ್ತಾಗಿಯೇ ಬೀಳುತ್ತವೆ. ಯಂತ್ರದಲ್ಲಿ ದೋಷವಿಲ್ಲ, ಮನುಷ್ಯನ ಕೈಯ ತಪ್ಪನ್ನು ಅದು ದೊಡ್ಡದು ಮಾಡುತ್ತದೆ.

ಸ್ಪ್ರಿಂಗಿನ ವಿಷಯ ಇನ್ನೂ ಸ್ವಾರಸ್ಯ. ಇಂಥ .32 ಪಿಸ್ತೂಲುಗಳಲ್ಲಿ ತೋಟಾದ ಹಿಂಭಾಗವನ್ನು ಬೀಗ ಹಾಕಿ ಹಿಡಿಯುವ ವ್ಯವಸ್ಥೆ ಸಾಮಾನ್ಯವಾಗಿ ಇರುವುದಿಲ್ಲ. ಮೇಲಿನ ಉಕ್ಕಿನ ಸ್ಲೈಡ್‌ನ ತೂಕ ಮತ್ತು ಸ್ಪ್ರಿಂಗಿನ ಬಲ, ಇವೆರಡೇ ಅದನ್ನು ಒತ್ತಿ ಹಿಡಿದಿರುತ್ತವೆ. ಗುಂಡು ನಳಿಗೆ ದಾಟುವವರೆಗೆ ಸ್ಲೈಡ್ ತೆರೆದುಕೊಳ್ಳಬಾರದು. ತೆರೆದರೆ ಬಿಸಿ ಅನಿಲ ಕೈಮೇಲೆ ಬರುತ್ತದೆ. ಪಿಸ್ತೂಲು ಸಣ್ಣದಾದಂತೆ ಸ್ಲೈಡ್ ಹಗುರವಾಗುತ್ತದೆ, ಕೊರತೆಯನ್ನು ಬಿಗಿ ಸ್ಪ್ರಿಂಗ್ ತುಂಬಬೇಕಾಗುತ್ತದೆ. ಹೀಗಾಗಿ ಮಕ್ಕಳ ಆಟಿಕೆಯಂತೆ ಕಾಣುವ ಪಿಸ್ತೂಲಿನ ಸ್ಲೈಡ್ ಎಳೆಯಲು, ಸೇನೆಯ ದೊಡ್ಡ ಪಿಸ್ತೂಲಿಗಿಂತ ಹೆಚ್ಚು ಬೆರಳಬಲ ಬೇಕಾದೀತು. ಸಂಧಿವಾತದ ಬೆರಳಿನ ಹಿರಿಯರಿಗೆ, ಕೈ ಸಣ್ಣದಿರುವವರಿಗೆ ಸಣ್ಣ ಪಿಸ್ತೂಲೇ ಅನುಕೂಲ ಎನ್ನುವವರು ಒಮ್ಮೆ ಖಾಲಿ ಪಿಸ್ತೂಲಿನ ಸ್ಲೈಡ್ ಎಳೆದು ನೋಡಬೇಕು.

ಸದ್ದಿನಲ್ಲಿ ಮಾತ್ರ ಯಾವ ರಿಯಾಯಿತಿಯೂ ಇಲ್ಲ. ನಳಿಗೆ ಗಿಡ್ಡವಾದರೆ ಮದ್ದು ಪೂರ್ತಿ ಉರಿದು ಮುಗಿಯುವ ಮೊದಲೇ ಗುಂಡು ಹೊರಗೆ ಹೋಗಿರುತ್ತದೆ. ಉಳಿದದ್ದು ಮೂತಿಯ ಹೊರಗೆ ಉರಿದು ಬೆಂಕಿಯಾಗಿ, ಸದ್ದಾಗಿ ವ್ಯರ್ಥವಾಗುತ್ತದೆ. ಪಿಸ್ತೂಲಿನ ಸದ್ದು ಸುಮಾರು 150ರಿಂದ 160 ಡೆಸಿಬೆಲ್. 140 ದಾಟಿದ ಒಂದೇ ಸ್ಫೋಟ ಕಿವಿಗೆ ಶಾಶ್ವತ ಹಾನಿ ಮಾಡಬಲ್ಲದು. ಮುಚ್ಚಿದ ಕಾರಿನೊಳಗೆ, ಅಂಗಡಿಯ ಒಳಕೋಣೆಯಲ್ಲಿ ಹಾರಿಸಿದರೆ ಕೇಳುವುದೇ ಬೇಡ.

ಇಷ್ಟೆಲ್ಲ ತೊಡಕಿರುವ ಆಯುಧ ಇತಿಹಾಸದಲ್ಲಿ ಇಷ್ಟೊಂದು ಜೀವ ತೆಗೆದದ್ದು ಹೇಗೆ? 1948ರ ಜನವರಿ 30ರಂದು ಗಾಂಧೀಜಿಯನ್ನು ಕೊಂದದ್ದು ಇಟಲಿಯ ಬೆರೆಟಾ ಕಂಪನಿಯ 1934ರ ಮಾದರಿ, ಕಿಸೆಗೆ ಹಿಡಿಸುವ 15 ಸೆಂಟಿಮೀಟರ್‌ನ ಪಿಸ್ತೂಲು. 2015ರ ಆಗಸ್ಟ್‌ನಲ್ಲಿ ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿ, 2017ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಅವರ ಹತ್ಯೆಗೆ ಬಳಕೆಯಾದದ್ದು 7.65 ಎಂಎಂ ನಾಡಪಿಸ್ತೂಲು ಎಂದು ವಿಧಿವಿಜ್ಞಾನ ಪರೀಕ್ಷೆ ಹೇಳಿತು. ಎಲ್ಲವೂ ಕೆಲವೇ ಅಡಿಗಳ ಅಂತರದಲ್ಲಿ ನಡೆದವು. ಹತ್ತಿರ ಹೋಗುವುದು ಯಾವಾಗ, ಎಷ್ಟು ಹತ್ತಿರ ಎಂದು ತೀರ್ಮಾನಿಸಿದವನು ಕೊಲೆಗಾರ. ಸಣ್ಣ ಪಿಸ್ತೂಲು ಅಂತರ ಮತ್ತು ಸಮಯವನ್ನು ಆರಿಸಿಕೊಳ್ಳುವವನ ಆಯುಧ. ಆತ್ಮರಕ್ಷಣೆಗೆ ಇಟ್ಟುಕೊಂಡವರಿಗೆ ಆ ಎರಡರಲ್ಲಿ ಒಂದೂ ಇರುವುದಿಲ್ಲ, ಜಾಹೀರಾತುಗಳು ಇದನ್ನು ಹೇಳುವುದೂ ಇಲ್ಲ.

1983ರಲ್ಲಿ ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ತರಬೇತುದಾರ ಡೆನಿಸ್ ಟ್ಯೂಲರ್ ಒಂದು ಸರಳ ಅಳತೆ ಮುಂದಿಟ್ಟರು. ಚಾಕು ಹಿಡಿದು ಓಡಿ ಬರುವವನು 21 ಅಡಿ ದೂರವನ್ನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ಕ್ರಮಿಸುತ್ತಾನೆ. ಸೊಂಟದ ತೆರೆದ ಹೋಲ್‌ಸ್ಟರ್‌ನಿಂದ ಪಿಸ್ತೂಲು ತೆಗೆದು ಹಾರಿಸಲು ಚೆನ್ನಾಗಿ ಪಳಗಿದವರಿಗೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು. ಪ್ಯಾಂಟಿನ ಕಿಸೆಯಲ್ಲಿ ಬೆವರಿಗೆ ಒದ್ದೆಯಾದ ಬಟ್ಟೆಯೊಳಗೆ ಸಿಕ್ಕಿಕೊಂಡದ್ದನ್ನು ಎರಡು ಬೆರಳಲ್ಲಿ ಎಳೆಯಬೇಕಾದವರಿಗೆ? ಪಂಪ್‌ವೆಲ್‌ನಲ್ಲಿ ಎರಡು ರಾಷ್ಟ್ರೀಯ ಹೆದ್ದಾರಿಗಳು ಕೂಡುತ್ತವೆ. ತೊಕ್ಕೊಟ್ಟು, ಪಡೀಲ್, ಕಂಕನಾಡಿ, ನಂತೂರು ಕಡೆಯ ಜನ ಇಲ್ಲಿ ಇಳಿದು ಹತ್ತುತ್ತಾರೆ. ಸಂಜೆ ಆರಕ್ಕೆ ಅಲ್ಲಿ ಯಾರಿಗಾದರೂ 21 ಅಡಿ ಖಾಲಿ ಜಾಗ ಸಿಕ್ಕೀತೇ?

ಗುರಿ ತಪ್ಪಿದ ಗುಂಡಿನ ಗತಿಯನ್ನೂ ನೋಡಬೇಕು. ಅದು 100 ಮೀಟರ್ ದಾಟಲು ಅರ್ಧ ಸೆಕೆಂಡೂ ಬೇಡ. ಕೋನ ಕೂಡಿ ಬಂದರೆ ಒಂದು ಕಿಲೋಮೀಟರ್‌ಗೂ ಮಿಕ್ಕಿ ಹೋದೀತು. 2020ರ ಜನವರಿಯಲ್ಲಿ ಕೊನೆಗೂ ತೆರೆದ ಆ ಫ್ಲೈಓವರ್‌ನ ಕಾಂಕ್ರೀಟ್ ಗೋಡೆಗೆ ಓರೆಯಾಗಿ ತಾಗಿದ ಗುಂಡು ನೆಲಕ್ಕೆ ಬೀಳುವುದಿಲ್ಲ, ಗೋಡೆಯ ಮೈಗುಂಟ ಸವರಿಕೊಂಡು ಮುಂದೆ ಸಾಗುತ್ತದೆ. ಲೆಕ್ಕದಲ್ಲಿ ಹೇಳಿದ್ದು ನಗರದಲ್ಲಿ ನಡೆದದ್ದೂ ಉಂಟು. 2021ರ ಅಕ್ಟೋಬರ್‌ನಲ್ಲಿ ಮಂಗಳೂರಿನ ಮೋರ್ಗನ್ಸ್‌ಗೇಟ್ ಬಳಿ, ಸಂಬಳದ ಬಾಕಿ ಕೇಳಲು ಬಂದವರೊಂದಿಗೆ ಜಗಳವಾದಾಗ ಉದ್ಯಮಿಯೊಬ್ಬರು ತಮ್ಮ ಲೈಸೆನ್ಸ್ ಇದ್ದ ಪಿಸ್ತೂಲಿನಿಂದ ಗುಂಡು ಹಾರಿಸಿದರು. ಗುಂಡು ತಾಗಿದ್ದು ಅಲ್ಲೇ ಇದ್ದ ಅವರ ಹದಿಹರೆಯದ ಮಗನ ತಲೆಗೆ. ಹುಡುಗ ಉಳಿಯಲಿಲ್ಲ.

ಅಷ್ಟಾದರೂ ಇಟ್ಟುಕೊಳ್ಳಲೇಬೇಕಾದ ಕಾರಣ ಕೆಲವರಿಗೆ ಇರಬಹುದು. ಅಂಥವರಿಗೆ ನನ್ನ ಸಲಹೆ, ಅತಿ ಸಣ್ಣದು ಯಾವುದೆಂದು ಕೇಳಬೇಡಿ. ದಿನವಿಡೀ ಹೊತ್ತು ತಿರುಗಲು ಆಗುವುದರಲ್ಲಿ ಅತಿ ದೊಡ್ಡದು ಯಾವುದೆಂದು ಕೇಳಿ. ಹಿಡಿಗೆ ಮೂರು ಬೆರಳು ಕೂರಬೇಕು, ಸ್ಲೈಡ್ ನಿಮ್ಮ ಕೈಗೇ ಬಗ್ಗಬೇಕು, ಟ್ರಿಗರ್ ಪೂರ್ತಿ ಮುಚ್ಚುವ ಗಟ್ಟಿ ಹೋಲ್‌ಸ್ಟರ್ ಇರಬೇಕು. ಬರೀ ಕಿಸೆಗೆ ಹಾಕಿಕೊಂಡರೆ ಕೀಲಿಕೈ, ನಾಣ್ಯ ಟ್ರಿಗರ್‌ನೊಳಗೆ ನುಸುಳುತ್ತವೆ. 2016ರ ನಿಯಮ ಲೈಸೆನ್ಸಿಗೆ ಮೊದಲು ಸುರಕ್ಷತಾ ತರಬೇತಿ ಕೇಳುತ್ತದೆ, ಆದರೆ ಒದೆಯುವ ಸಣ್ಣ ಪಿಸ್ತೂಲಿಗೆ ಅಷ್ಟು ಸಾಲದು. ಹಾರಿಸಿದಾಗ ಅಂಗೈ ನೋಯುವುದರಿಂದ ಅಭ್ಯಾಸವನ್ನೇ ಬಿಟ್ಟುಬಿಡುವವರು ಹೆಚ್ಚು. ಹೆಚ್ಚು ಅಭ್ಯಾಸ ಬೇಡುವ ಆಯುಧವೇ ಕಡಿಮೆ ಅಭ್ಯಾಸವಾಗುತ್ತದೆ.

ಮತ್ತೆ, ನಮ್ಮ ಹವೆ. ಉಪ್ಪುಗಾಳಿ, ಜೂನ್‌ನಿಂದ ಶುರುವಾಗುವ ಮಳೆ, ವರ್ಷವಿಡೀ ಬೆವರು. ಬೆವರಿನ ಕ್ಲೋರೈಡ್ ಉಕ್ಕಿನ ಮೇಲ್ಪದರವನ್ನು ತೂರಿ ಒಳಗೊಳಗೇ ತಿನ್ನುತ್ತದೆ. ಸೊಂಟಕ್ಕೆ ಒತ್ತಿದ ಬದಿಗೆ ಮೊದಲು ತುಕ್ಕು, ಆಮೇಲೆ ತಿರುಪುಗಳ ತಲೆಗೆ. ಚರ್ಮದ ಹೋಲ್‌ಸ್ಟರ್ ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ; ಚರ್ಮ ಹದ ಮಾಡಿದ ಲವಣಗಳೂ ಸೇರಿ ಹಿತ್ತಾಳೆ ತೋಟಾಗಳ ಮೇಲೆ ಹಸಿರು ಕಿಲುಬು ಕೂರುತ್ತದೆ. ಕಿಲುಬು ಹಿಡಿದ ತೋಟಾ ನಳಿಗೆಯ ಬಾಯಲ್ಲಿ ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ. ಬಟ್ಟೆಯ ನಾರು, ಧೂಳು ಕೂಡಿಕೊಂಡರೆ ಸ್ಲೈಡ್ ಪೂರ್ತಿ ಮುಚ್ಚುವುದಿಲ್ಲ. ದೊಡ್ಡ ಪಿಸ್ತೂಲಿನಲ್ಲಿ ಇಂಥ ಕಸಕ್ಕೆ ಒಂದಿಷ್ಟು ಸಡಿಲು ಜಾಗವಿರುತ್ತದೆ, ಸಣ್ಣದರಲ್ಲಿ ಅದೂ ಇಲ್ಲ. ಮಳೆಗಾಲದಲ್ಲಿ ರಾತ್ರಿ ಮನೆಗೆ ಬಂದವರು ಅದನ್ನು ಹೋಲ್‌ಸ್ಟರ್‌ನಲ್ಲೇ ಬಿಡದೆ ಹೊರತೆಗೆದು, ತೋಟಾ ಖಾಲಿ ಮಾಡಿ, ಒಣ ಬಟ್ಟೆಯಲ್ಲಿ ಒರೆಸಿ, ತೆಳ್ಳಗೆ ಎಣ್ಣೆ ಸವರಿ, ಮಕ್ಕಳ ಕೈಗೆ ಸಿಗದ ಕಡೆ ಬೀಗ ಹಾಕಿ ಇಡಬೇಕು. ಎಣ್ಣೆಯ ಕೈಯಲ್ಲಿ ತೋಟಾ ಮುಟ್ಟುವುದು ಬೇಡ. ಎಣ್ಣೆ ತೋಟಾದೊಳಗೆ ಇಳಿದರೆ ಮದ್ದು ಹತ್ತದೆ ಹೋಗಬಹುದು.