ಮುಚ್ಚಿದ್ದ ತೂತು ಮತ್ತೆ ಬಾಯಿಬಿಟ್ಟಾಗ

ದೂರದ ಸರ್ವರ್‌ಗೆ ಲಾಗಿನ್ ಆಗೋ ಕೆಲಸ ನಿಮ್ಮದಾ? ಹಾಗಾದ್ರೆ ಒಂದು ನಿಮಿಷ ನಿಲ್ಲಿ. ಇಂಥ ಲಾಗಿನ್‌ಗೆ ಬಳಸೋ ತಂತ್ರಾಂಶ, 2024ರ ಜುಲೈ 1ರಂದು ಬಂದ ಓಪನ್‌ಎಸ್‌ಎಸ್‌ಎಚ್ 9.8 ಕಥೆ ಇದು.

2006ರಲ್ಲೇ ಸರಿಪಡಿಸಿದ್ದ ಒಂದು ದೋಷ. 8.5ನೇ ಆವೃತ್ತಿಯ ಹೊತ್ತಿಗೆ ಕೋಡ್‌ನಲ್ಲಿ ಒಂದು ಸಣ್ಣ ಭಾಗ ಕೈತಪ್ಪಿ ಅಳಿಸಿಹೋಯ್ತು, ಹಳೇ ತೂತು ಮತ್ತೆ ತೆರೆದುಕೊಳ್ತು! ಪತ್ತೆ ಹಚ್ಚಿದ್ದು ಕ್ವಾಲಿಸ್ ಅನ್ನೋ ಭದ್ರತಾ ಕಂಪನಿಯ ಸಂಶೋಧಕರು; ಅದನ್ನ ಮತ್ತೆ ಮುಚ್ಚಿದ್ದು 9.8.

ಆಗೋದೇನು? ಲಾಗಿನ್ ಮುಗಿಸೋಕೆ ಸರ್ವರ್ ನಿಮಗೆ 120 ಸೆಕೆಂಡ್ ಕೊಡುತ್ತೆ. ಗಡುವು ಮುಗಿದ ಕ್ಷಣ ಅಲಾರಂ. ಆಗ ಪ್ರೋಗ್ರಾಂ ಮೆಮೊರಿ ಹಂಚೋ ಕೆಲಸದ ಮಧ್ಯದಲ್ಲಿದ್ರೆ, ಎಲ್ಲಾ ಬಿಟ್ಟು ಲಾಗ್ ಬರೆಯೋಕೆ ಓಡುತ್ತೆ. ಒಲೆ ಮೇಲೆ ಹಾಲಿಟ್ಟು ಬಾಗಿಲು ತೆಗೆಯೋಕೆ ಹೋದ ಹಾಗೆ. ಆ ಕ್ಷಣಕ್ಕೇ ಗುರಿ ಇಟ್ಟವನಿಗೆ ಸಿಗೋದು ರೂಟ್ ಅಧಿಕಾರ. ಸುಲಭವಲ್ಲ ಬಿಡಿ: 32-ಬಿಟ್ ಲಿನಕ್ಸ್‌ನಲ್ಲಿ ಸರಾಸರಿ 10,000 ಯತ್ನ, ಆರೆಂಟು ಗಂಟೆ.

ಅಪ್‌ಡೇಟ್ ಮಾಡಲಾಗದವರು ಲಾಗಿನ್ ಗಡುವನ್ನು ಸೊನ್ನೆಗೆ ಇಡಬಹುದು, ಅಂದ್ರೆ ಗಡುವೇ ಇಲ್ಲ. ಆದ್ರೆ ಅರ್ಧಂಬರ್ಧ ಸಂಪರ್ಕಗಳು ತುಂಬಿ, ಸರ್ವರ್ ಬಾಗಿಲೇ ಕಟ್ಟಿಕೊಳ್ಳಬಹುದು.

9.8 ಹಾಕಿಕೊಂಡ್ರಾ? ಎರಡು ಕಿರಿಕಿರಿ ನೆನಪಿರಲಿ. ಪದೇ ಪದೇ ಲಾಗಿನ್ ತಪ್ಪಿದ ಐಪಿ ವಿಳಾಸಕ್ಕೆ ಈಗ ತಾನಾಗೇ ದಂಡ. ಇಡೀ ಆಫೀಸು ಒಂದೇ ಐಪಿಯಲ್ಲಿದ್ರೆ, ಒಬ್ಬರ ತಪ್ಪಿಗೆ ಎಲ್ಲರೂ ಹೊರಗೆ! ವಿನಾಯಿತಿ ಪಟ್ಟಿಗೆ ಆ ವಿಳಾಸ ಸೇರಿಸಿಬಿಡಿ.

ಇನ್ನೊಂದು, ನನಗೆ ಹೆಚ್ಚು ಭಯ ಹುಟ್ಟಿಸಿದ್ದು: ಲಾಗ್‌ನ ಹಲವು ಸಾಲುಗಳಲ್ಲಿ ಈಗ ಸರ್ವರ್ ಪ್ರೋಗ್ರಾಂನ ಹಳೇ ಹೆಸರು ‘ಎಸ್‌ಎಸ್‌ಎಚ್‌ಡಿ’ ಬದಲು ‘ಎಸ್‌ಎಸ್‌ಎಚ್‌ಡಿ-ಸೆಷನ್’ ಅಂತ ಇರುತ್ತೆ. ಹಳೇ ಹೆಸರನ್ನೇ ಹುಡುಕೋ ಕಾವಲು ಸ್ಕ್ರಿಪ್ಟ್‌ಗೆ ಏನೂ ಕಾಣಲ್ಲ. ಅದು ಸುಮ್ಮನಿದೆ ಅಂತ ನೀವೂ ಸುಮ್ಮನಿರ್ತೀರಿ.