ಮುಟ್ಟು ತಪ್ಪುವ ಮುಂಚಿನ ದಿನಗಳು

ನಾನು ಆಶಾ ಕಾರ್ಯಕರ್ತೆ. ಮುಟ್ಟಿನ ದಿನ ಬರುವ ಮೊದಲೇ ಹೆಣ್ಣುಮಕ್ಕಳು ನನ್ನನ್ನು ಹಿತ್ತಿಲಿಗೆ ಕರೆದು, ‘ಅಕ್ಕಾ, ಎದೆ ನೋಯ್ತಿದೆ, ಸುಸ್ತು, ಒಗ್ಗರಣೆ ವಾಸನೆ ಆಗ್ತಿಲ್ಲ, ಅದೇ ಇರಬಹುದಾ?’ ಎನ್ನುತ್ತಾರೆ. ಇರಬಹುದು. ಆದರೆ ಮುಟ್ಟಿಗೆ ಮುಂಚೆ ಏರುವ ಪ್ರೊಜೆಸ್ಟರಾನ್ ಕೂಡ ಎದೆನೋವು, ಸುಸ್ತು ತರುತ್ತದೆ.

ಭ್ರೂಣ ಗರ್ಭಕೋಶಕ್ಕೆ ಅಂಟಿಕೊಳ್ಳುವುದು ಅಂಡ ಬಿಡುಗಡೆಯಾದ ಸುಮಾರು 6ರಿಂದ 12 ದಿನಗಳಲ್ಲಿ. ಆಮೇಲಷ್ಟೇ ಎಚ್‌ಸಿಜಿ ಹಾರ್ಮೋನು ಮೂತ್ರದಲ್ಲಿ ಸಿಗುವಷ್ಟು ಏರುತ್ತದೆ. ಮೊದಲ ವಾರಗಳಲ್ಲಿ ಎರಡು ಮೂರು ದಿನಕ್ಕೊಮ್ಮೆ ದುಪ್ಪಟ್ಟಾಗುತ್ತದೆ. ಅದಕ್ಕೇ ನನ್ನ ಚೀಲದ ‘ನಿಶ್ಚಯ್’ ಗರ್ಭ ಪರೀಕ್ಷೆಯ ಕಿಟ್ಟನ್ನು ಮುಟ್ಟು ತಪ್ಪುವ ತನಕ ಕೊಡಲು ಮನಸ್ಸಾಗುವುದಿಲ್ಲ. ಅವಸರದಲ್ಲಿ ನೋಡಿ, ಒಂದೇ ಗೆರೆ ಕಂಡು ರಾತ್ರಿಯಿಡೀ ಅತ್ತವರಿದ್ದಾರೆ. ಬೆಳಗಿನ ಮೊದಲ ಮೂತ್ರದಲ್ಲಿ ನೋಡಿ. ಒಂದೇ ಗೆರೆ ಬಂದು ಮುಟ್ಟೂ ಆಗದಿದ್ದರೆ ವಾರ ಬಿಟ್ಟು ಮತ್ತೊಮ್ಮೆ.

ಮನೆಮಂದಿ ದಿನಾ ‘ಏನಾದ್ರೂ ವಿಶೇಷನಾ?’ ಎಂದರೆ ಕಾಯುವುದು ಇನ್ನೂ ಕಷ್ಟ. ಕೇಳಬೇಡಿ ಅಂತ ಅತ್ತೆಯಂದಿರಿಗೆ ನಾನೇ ಹೇಳುತ್ತೇನೆ. ಎಂದಿನ ಕೆಲಸ ನಡೆಯಲಿ. ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲದ ಮಾತ್ರೆ ಈಗಲೇ ಶುರುವಾಗಲಿ. ಕಿಬ್ಬೊಟ್ಟೆಯ ಒಂದು ಬದಿ ಜೋರು ನೋವು, ತಲೆಸುತ್ತು, ರಕ್ತಸ್ರಾವ ಕಂಡರೆ ಮಾತ್ರ ಕಾಯಲೇಬಾರದು, ಕೂಡಲೇ ಆಸ್ಪತ್ರೆಗೆ ಹೊರಡಿ. ಎರಡು ಗೆರೆ ಬಂದರೆ 12 ವಾರದೊಳಗೆ ಹೆಸರು ಬರೆಸಿ, ತಾಯಿ ಕಾರ್ಡ್ ಮಾಡಿಸೋಣ.