ನೇಕಾರರ ಊರಿನಲ್ಲಿ ವಿಜ್ಞಾನದ ಪಾಠ

ರಬಕವಿ-ಬನಹಟ್ಟಿಯ ಓಣಿಗಳಲ್ಲಿ ನಡೆದು ಹೋಗುವವರಿಗೆ ಮಗ್ಗದ ಸಪ್ಪಳವು ಹಗಲೆಲ್ಲ ಬೆನ್ನು ಬಿಡುವದಿಲ್ಲ. ವಿದ್ಯುತ್ತಿನ ಮಗ್ಗಗಳ ಅಬ್ಬರದ ನಡುವೆ ಅಲ್ಲೊಂದು ಇಲ್ಲೊಂದು ಕೈಮಗ್ಗದ ದನಿಯೂ ಉಂಟು. ಈ ಸಪ್ಪಳದಲ್ಲಿಯೇ ಹುಟ್ಟಿ ಬೆಳೆದ ಹುಡುಗನು ಶಾಲೆಗೆ ಬಂದು ಸನ್ನೆಯ ಲಕ್ಷಣವನ್ನು ಪುಸ್ತಕದಿಂದ ಬಾಯಿಪಾಠ ಮಾಡುತ್ತಾನೆ. ತನ್ನ ತಂದೆಯು ದಿನವೆಲ್ಲ ಕಾಲಿನಿಂದ ತುಳಿಯುವ ಹಲಗೆಯೇ ಒಂದು ಸನ್ನೆಯೆಂಬುದನ್ನು ಅವನಿಗೆ ಯಾರೂ ಹೇಳಿರುವದಿಲ್ಲ. ಆದುದರಿಂದ ವಿಜ್ಞಾನವೆಂಬುದು ಪರರ ಸೊತ್ತು, ಮನೆಯಲ್ಲಿರುವದು ಬರಿಯ ದುಡಿಮೆ ಎಂಬ ಎಣಿಕೆಯು ಅವನಲ್ಲಿ ಬೇರೂರುತ್ತದೆ. ಈ ಎಣಿಕೆಯಿಂದ ಮಗುವಿಗೂ ನಷ್ಟ, ಶಾಲೆಗೂ ನಷ್ಟ.

ಮಾಸ್ತರರನ್ನು ಕೇಳಿದರೆ, 'ಪ್ರಯೋಗಕ್ಕೆ ಸಾಮಾನು ಎಲ್ಲಿದೆ?' ಎನ್ನುವರು. ಅವರ ದೂರು ಸುಳ್ಳಲ್ಲ. ಆದರೆ ಈ ಅಡಚಣೆಯು ನಮಗೊಬ್ಬರಿಗೇ ಬಂದುದಲ್ಲ. ಎರಡನೆಯ ಮಹಾಯುದ್ಧದಲ್ಲಿ ಶಾಲೆಗಳನ್ನು ಕಳೆದುಕೊಂಡ ದೇಶಗಳ ವಿಜ್ಞಾನ ಶಿಕ್ಷಕರಿಗಾಗಿ ಯುನೆಸ್ಕೋ ಸಂಸ್ಥೆಯು 1948ರಲ್ಲಿ ಸಲಹೆಗಳ ಪುಸ್ತಕವೊಂದನ್ನು ಹೊರಡಿಸಿತು. ಕೈಗೆ ಸಿಗುವ ಡಬ್ಬಿ, ದಾರ, ಮೊಳೆಗಳಿಂದಲೇ ಪ್ರಯೋಗ ನಡೆಯಿಸುವ ಬಗೆಯು ಅದರಲ್ಲಿತ್ತು. 1956ರಲ್ಲಿ ಅದು ಇನ್ನೂ ಹಿರಿದಾದ ಗ್ರಂಥವಾಗಿ ಲೋಕವನ್ನೆಲ್ಲ ಸುತ್ತಿತು. ನಮ್ಮ ದೇಶದಲ್ಲಿಯೂ 1937ರ ವರ್ಧಾ ಪರಿಷತ್ತಿನಲ್ಲಿ ಗಾಂಧೀಜಿಯವರು ಕೈಕಸಬಿನ ಮೂಲಕವೇ ವಿದ್ಯೆಯಾಗಬೇಕೆಂದರು. 1972ರಲ್ಲಿ ಮಧ್ಯಪ್ರದೇಶದ ಹೊಶಂಗಾಬಾದ ಜಿಲ್ಲೆಯ ಹದಿನಾರು ಶಾಲೆಗಳಲ್ಲಿ ಮಕ್ಕಳೇ ಪ್ರಯೋಗ ಮಾಡಿ ಕಲಿಯುವ ಕ್ರಮವು ಮೊದಲಾಗಿ, ನೂರಾರು ಶಾಲೆಗಳಿಗೆ ಹಬ್ಬಿ, 2002ರವರೆಗೆ ನಡೆಯಿತು. ಅದನ್ನು ನಿಲ್ಲಿಸಿದ್ದು ಸರಿಯಾಗಲಿಲ್ಲವೆಂದೇ ನಮ್ಮ ಮತ.

ರಬಕವಿಯ ಮಾಸ್ತರರಿಗಾದರೋ ಸಾಮಾನು ಓಣಿ ಓಣಿಗೂ ಬಿದ್ದಿದೆ. ಮೊದಲು ಒಂದು ಕೆಲಸ ಮಾಡಲಿ: ನೇಕಾರಳಾದ ಒಬ್ಬ ಅಜ್ಜಿಯನ್ನು ಶಾಲೆಗೆ ಕರೆದು, ಕುರ್ಚಿ ಹಾಕಿ ಕುಳ್ಳಿರಿಸಿ, 'ಅವ್ವಾ, ಬೇಸಿಗೆಯಲ್ಲಿ ಹತ್ತಿಯ ಎಳೆ ಹೆಚ್ಚು ಕಡಿಯುವದೇಕೆ?' ಎಂದು ಮಕ್ಕಳ ಎದುರಿಗೆ ಕೇಳಲಿ. ಒಣ ಹವೆಯಲ್ಲಿ ನೂಲು ನಿಲ್ಲದೆಂಬುದನ್ನು ಆಕೆ ಪುಸ್ತಕ ನೋಡದೆಯೇ ಹೇಳಿಯಾಳು. ಕುಣಿಮಗ್ಗದಲ್ಲಿ ಹಾಸು ನೆಲಕ್ಕೆ ಸಮೀಪವಾಗಿ, ತಂಪಿನಲ್ಲಿ ಇರುವದರ ಗುಣವನ್ನೂ ತಿಳಿಸಿಯಾಳು. ಆಕೆಯ ಮಾತು ನಿಜವೇ ಎಂದು ಪರೀಕ್ಷಿಸುವದೇ ಮರುದಿನದ ಪಾಠ.

ಗಂಜಿ ಹಚ್ಚದ ಬಿಳಿ ಹತ್ತಿಯ ನೂಲಿನ ಹತ್ತು ತುಂಡುಗಳನ್ನು ಸಮನಾಗಿ ಕತ್ತರಿಸಿಕೊಳ್ಳಬೇಕು. ಐದನ್ನು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ, ಐದನ್ನು ನೀರಿನಲ್ಲಿ ನೆನೆಯಿಸಬೇಕು. ಒಂದೊಂದೇ ಎಳೆಯನ್ನು ಗೂಟಕ್ಕೆ ತೂಗಹಾಕಿ, ಕೆಳಗೆ ಹಗುರಾದ ಚೀಲವೊಂದನ್ನು ಕಟ್ಟಿ, ಎಳೆ ಹರಿಯುವ ತನಕ ಚಮಚೆಯಿಂದ ಉಸುಕು ಸುರಿಯಬೇಕು. ಬಳಿಕ ಚೀಲವನ್ನು ತೂಗಿ ಬರೆದುಕೊಳ್ಳುವದು. ಗಂಟು ಹಾಕಿದರೆ ಎಳೆಯು ಗಂಟಿನಲ್ಲಿಯೇ ಹರಿಯುವದರಿಂದ, ಅದನ್ನು ಗೂಟದ ಸುತ್ತ ನಾಲ್ಕೈದು ಸುತ್ತು ಸುತ್ತಿ ಹಿಡಿಯುವದು ಲೇಸು. ಒಂದೇ ಎಳೆಯನ್ನು ನಂಬಿ ತೀರ್ಪು ಕೊಡಬಾರದು. ನೂಲಿನಲ್ಲಿ ದಪ್ಪ-ತೆಳು ಇದ್ದೇ ಇರುತ್ತದೆ. ಐದರ ಸರಾಸರಿಯನ್ನು ಹಿಡಿದರೆ ಗಣಿತದ ಪಾಠವೂ ಒಟ್ಟಿಗೇ ಆದಂತಾಯಿತು. ಹಸಿ ಹತ್ತಿಯು ಒಣ ಹತ್ತಿಗಿಂತ ಹೆಚ್ಚು ಭಾರ ಹೊರುವದನ್ನು ಕಂಡಾಗ ಮಕ್ಕಳು ಅಜ್ಜಿಯನ್ನು ಬೇರೆ ಕಣ್ಣಿನಿಂದ ನೋಡುವರು.

ಇಷ್ಟಕ್ಕೇ ನಿಲ್ಲಿಸಬಾರದು. ವಿಸ್ಕೋಸ್ ಎಂಬ ಕೃತಕ ರೇಷ್ಮೆಯ ನೂಲಿನಿಂದಲೂ ಇದನ್ನೇ ಮಾಡಿದರೆ ಫಲವು ತಿರುವುಮುರುವಾಗುತ್ತದೆ. ನೆನೆದ ವಿಸ್ಕೋಸು ತನ್ನ ಬಲದಲ್ಲಿ ಸುಮಾರು ಅರ್ಧವನ್ನೇ ಕಳೆದುಕೊಳ್ಳುವದು. ಎರಡೂ ಸೆಲ್ಯುಲೋಸ್ ಎಂಬ ಒಂದೇ ಸಸ್ಯದ್ರವ್ಯದಿಂದಾದವು. ಆದರೆ ಹತ್ತಿಯಲ್ಲಿ ಅದರ ಉದ್ದುದ್ದ ಸರಪಳಿಗಳು ಒತ್ತಾಗಿ, ಸಾಲಾಗಿ ಕೂಡಿರುತ್ತವೆ. ವಿಸ್ಕೋಸಿನಲ್ಲಿಯಾದರೋ ಮರದ ತಿರುಳನ್ನು ಕರಗಿಸಿ ಮತ್ತೆ ಎಳೆ ತೆಗೆದುದರಿಂದ ಸರಪಳಿಗಳು ಗಿಡ್ಡಾಗಿ, ಸಡಿಲಾಗಿ ಇರುತ್ತವೆ. ನೀರು ಒಳಹೊಕ್ಕು ಅವುಗಳನ್ನು ಇನ್ನಷ್ಟು ಸಡಿಲಿಸುತ್ತದೆ. ಕೃತಕ ರೇಷ್ಮೆಯ ಸೆರಗಿನ ಸೀರೆಯನ್ನು ಒಗೆಯುವಾಗ ಬಲವಾಗಿ ಹಿಂಡಬಾರದೆಂಬುದಕ್ಕೆ ಕಾರಣವಿದೇ. ಗೃಹಿಣಿಯರೂ ಇದನ್ನು ನೆನಪಿನಲ್ಲಿಡಲಿ.

ಎಳೆಯನ್ನು ಸುಟ್ಟು ನೋಡುವ ಪರೀಕ್ಷೆಯೂ ಸೊಗಸಾದುದು. ಮಾಸ್ತರರೇ ಚಿಮಟಿಗೆಯಲ್ಲಿ ಹಿಡಿದು, ಪಕ್ಕದಲ್ಲಿ ನೀರಿನ ಬೋಗುಣಿ ಇಟ್ಟುಕೊಂಡು ಇದನ್ನು ಮಾಡತಕ್ಕದ್ದು. ಹತ್ತಿಯೂ ವಿಸ್ಕೋಸೂ ಕಾಗದ ಸುಟ್ಟಂತೆ ವಾಸನೆ ಬಿಟ್ಟು ಮೆತ್ತಗಿನ ಬೂದಿಯಾಗುವವು. ನಿಜವಾದ ರೇಷ್ಮೆಯು ಕೂದಲು ಸುಟ್ಟಂತೆ ನಾರಿ, ಬೆರಳಿನಿಂದ ಪುಡಿಯಾಗುವ ಕರಿಯ ಗುಳಿಗೆಯಾಗುವದು. ಯಾಕಂದರೆ ರೇಷ್ಮೆಯೂ ಕೂದಲಿನಂತೆ ಪ್ರಾಣಿಯಿಂದ ಬಂದ ಪ್ರೋಟೀನು. ಪಾಲಿಯೆಸ್ಟರ್ ಮಾತ್ರ ಕರಗಿ ಮುದುಡಿ, ಗಟ್ಟಿಯಾದ ಮಣಿಯಾಗುವದು. ಅದು ಆರುವ ಮುಂಚೆ ಯಾರೂ ಮುಟ್ಟಕೂಡದು. ರೇಷ್ಮೆಯೆಂದು ಹಣ ತೆತ್ತು ತಂದ ಸೀರೆಯ ಗುಟ್ಟು ಮಗುವಿನ ಬಾಯಿಂದ ಮನೆಗೆ ಮುಟ್ಟಿದರೆ ಕೆಲವರಿಗೆ ಕಸಿವಿಸಿಯಾದೀತು. ಆಗಲಿ.

ಬಿಳಿ ನೂಲಿನ ಗಂಜಿಯ ಮೇಲೆ ನೀರು ಬೆರಸಿದ ಅಯೋಡಿನ್ನಿನ ಹನಿ ಹಾಕಿದರೆ ಅದು ಕರಿನೀಲಿಗೆ ತಿರುಗುತ್ತದೆ. ಪಿಷ್ಟವಿರುವದಕ್ಕೆ ಇದು ಗುರುತು. ಅನ್ನ, ಆಲೂಗಡ್ಡೆ, ಜೋಳದ ಹಿಟ್ಟುಗಳ ಮೇಲೂ ನೋಡಬಹುದು. ಬಣ್ಣ ತಿರುಗದಿದ್ದರೆ ಮಾಸ್ತರರು ಗಾಬರಿಯಾಗಬೇಕಿಲ್ಲ. ನೂಲಿಗೆ ಬೇರೆ ಅಂಟು ಹಚ್ಚಿರಬಹುದು. ಹಚ್ಚಿದವರನ್ನೇ ಕೇಳಿ ಬರಲು ಮಕ್ಕಳನ್ನು ಅಟ್ಟಲಿ.

ಮೇಲಿನ ತರಗತಿಯವರಿಗೆ ಜಾಕಾರ್ಡಿನ ತೂತಿನ ಪಟ್ಟಿಗಳಿವೆ. ತೂತಿದ್ದಲ್ಲಿ ಎಳೆ ಏಳುವದು, ಇಲ್ಲದಲ್ಲಿ ಏಳದು. ಫ್ರಾನ್ಸ ದೇಶದ ಜಾಕಾರ್ಡನು 1804ರ ಸುಮಾರಿಗೆ ಮಗ್ಗಕ್ಕೆ ಅಳವಡಿಸಿದ ಈ ಉಪಾಯವನ್ನು 1830ರ ದಶಕದಲ್ಲಿ ಇಂಗ್ಲೆಂಡದ ಬ್ಯಾಬೇಜನು ತನ್ನ ಗಣನ ಯಂತ್ರದ ಯೋಜನೆಗೆ ಎರವಲು ಪಡೆದನು. ಮಕ್ಕಳು ಚೌಕುಳಿ ಕಾಗದದ ಮೇಲೆ ಗೋಮಿ ದಡಿಯನ್ನೋ ಚಿಕ್ಕಿಯನ್ನೋ ತುಂಬಿ, ಪ್ರತಿ ಸಾಲನ್ನೂ ಒಂದು-ಸೊನ್ನೆಗಳಲ್ಲಿ ಬರೆಯಲಿ. ಇನ್ನೊಬ್ಬನು ಚಿತ್ರವನ್ನು ನೋಡದೆ, ಅಂಕಿಗಳನ್ನಷ್ಟೇ ಓದಿ, ರಟ್ಟಿನ ಮಗ್ಗದ ಮೇಲೆ ನೇಯಲಿ. ಗಣಕಯಂತ್ರಕ್ಕೆ ಆಜ್ಞೆ ಕೊಡುವದೆಂದರೇನೆಂಬುದು ಆಗ ತಾನಾಗಿ ತಿಳಿದೀತು.

ವಿದ್ಯುತ್ ಮಗ್ಗವನ್ನು ತೋರಿಸುವಾಗ ಮಾತ್ರ ಮಕ್ಕಳನ್ನು ದೂರದಲ್ಲಿಯೇ ನಿಲ್ಲಿಸಬೇಕು. ಹಾರುವ ಲಾಳಿಯು ಕಣ್ಣಿಗೂ ಕೈಗೂ ಅಪಾಯಕರ. ಮಗ್ಗದ ಪಾಠವೆಂಬ ನೆವದಿಂದ ಮಗುವನ್ನು ಶಾಲೆ ತಪ್ಪಿಸಿ ಕಂಡಿಕೆ ಸುತ್ತಲು ಕೂರಿಸುವದನ್ನೂ ನಾವು ಒಪ್ಪೆವು. ತಾಯಿತಂದೆಗಳಲ್ಲಿ ನಮ್ಮ ಬೇಡಿಕೆ ಸಣ್ಣದು: ಮಗುವು ಪ್ರಯೋಗಕ್ಕೆಂದು ನಾಲ್ಕು ಮೊಳ ನೂಲು ಕೇಳಿದರೆ ಗದರಿಸದಿರಿ. ಹೊಸ ಲಡಿಯನ್ನು ಬಿಚ್ಚುವ ಕಾರಣವಿಲ್ಲ. ಕಂಡಿಕೆಯಲ್ಲಿ ಉಳಿದ ತುಂಡುಗಳೇ ಸಾಕು.